ಪ್ಲಾಸ್ಟಿಕ್ಕಿಗೆ ಪಾಲಿಶ್ ಹತ್ತೋದಿಲ್ಲ

ಇಲ್ಲಿ ಕೂರು ಮುದೆಸಿರ್, ಗೋಡೆಗೆ ಬೆನ್ನು ಕೊಟ್ಟು.
ಅಡಿಸ್ ಅಬಾಬಾದ ಮಳೆ ಮೇಲಿಂದ ಸ್ವಲ್ಪ ಬೀಳುತ್ತೆ,
ಉಳಿದದ್ದು ಟ್ಯಾಕ್ಸಿಯ ಗಾಲಿಯಿಂದ.
ಊರಿಂದ ಬಂದು ಮೂರು ದಿನವಾಯ್ತು
ಇನ್ನೂ ಬರುವವರ ಮುಖ ನೋಡುತ್ತೀಯ.
ಮುಖ ಬಿಡು. ಕೆಳಗೆ ನೋಡು.

ಇದು ತೊಗಲು.
ಮೊದಲು ಒಣ ಬ್ರಶ್ಶು, ಆಮೇಲೆ ಒದ್ದೆ ಬಟ್ಟೆ.
ಹಿಂದುಮುಂದಾದರೆ ಧೂಳು ಕೆಸರಾಗಿ
ಹೊಲಿಗೆಯ ಸಂದಿಯಲ್ಲಿ ಬಿಡಾರ ಹೂಡುತ್ತೆ.
ಕಾಲುಚೀಲಕ್ಕೆ ಮಸಿ ತಾಗದ ಹಾಗೆ
ಎರಡೂ ಬದಿಗೆ ರಟ್ಟು ಸಿಕ್ಕಿಸು.
ಒಂದು ಕಾಲಕ್ಕೆ ಹುಲ್ಲು ಮೇಯುತ್ತಿದ್ದದ್ದು ಇದು,
ಈಗಲೂ ಬಾಯಾರುತ್ತೆ.
ಪಾಲಿಶ್ ಬೆರಳ ತುದಿಗೆ ಕಡಲೆಕಾಳಷ್ಟು, ಸಾಕು,
ಸುತ್ತಿ ಸುತ್ತಿ ತಿಕ್ಕು,
ಎದುರಿನ ಬ್ಯಾಂಕು ಕಾಣಿಸಿದರೆ ಅರ್ಧ ಕೆಲಸ
ಅದರ ಮೇಲಿನ ಮೋಡ ಕಾಣಿಸಿದರೆ ಪೂರ್ತಿ.

ಇದು ಸ್ವೀಡು. ಇದೂ ತೊಗಲೇ,
ಒಳಗಿನದನ್ನು ಹೊರಗೆ ಮಾಡಿದ್ದು,
ಅದಕ್ಕೇ ಮುನಿಸು ಜಾಸ್ತಿ.
ನೀರು ತೋರಿಸಬೇಡ.
ಕಲೆಯಾದಲ್ಲಿ ನಿನ್ನೆಯ ಗಟ್ಟಿ ಬ್ರೆಡ್ಡಿನಿಂದ ಮೆಲ್ಲಗೆ ಉಜ್ಜಿ
ಕೂದಲು ಬಾಚಿದ ಹಾಗೆ ಒಂದೇ ಕಡೆಗೆ ಬಾಚು.
ಬ್ರೆಡ್ಡು ತಿನ್ನಬೇಡ.
ನಿನ್ನೆ ತಿಂದೆ. ನಾನು ನೋಡಲಿಲ್ಲ ಅಂದುಕೊಂಡೆ, ಅಲ್ಲವಾ?

ಕ್ಯಾನ್ವಾಸು ಕಾಲೇಜಿನವರದು.
ಕತ್ತರಿಸಿದ ಬಾಟಲಿಯಲ್ಲಿ ಸೋಪಿನ ನೊರೆ,
ಹಳೇ ಹಲ್ಲುಜ್ಜುವ ಬ್ರಶ್ಶು, ಅಂಚಿಗೆ ಚಿಟಿಕೆ ಪೇಸ್ಟು.
ಬಿಸಿಲಿಗಿಟ್ಟರೆ ಬಿಳಿ ಹಳದಿಯಾಗುತ್ತೆ,
ತೆಳು ಕಾಗದ ಸುತ್ತಿ ನೆರಳಲ್ಲಿ ನಿಲ್ಲಿಸು.
ಒಣಗುವ ತನಕ ಹುಡುಗರು
ನಮ್ಮ ಸವೆದ ಚಪ್ಪಲಿ ಮೆಟ್ಟಿ ಕಾಯುತ್ತಾರೆ.
ಎದ್ದು ಎಲ್ಲಿಗೂ ಹೋಗೋದಿಲ್ಲ, ನಾಚಿಕೆ.

ಕೋರ್ಟಿಗೆ ಹೋಗುವವನ ಕಾಲು ನಡುಗುತ್ತೆ,
ಹಿಮ್ಮಡಿ ಗಟ್ಟಿಯಾಗಿ ಹಿಡಿ, ಏನೂ ಕೇಳಬೇಡ.
ಸಾವಿನ ಮನೆಗೆ ಹೋಗುವವರದು ಮಿರಮಿರ ಮಿಂಚಿಸಬೇಡ.

ಆಮೇಲೆ, ಪ್ಲಾಸ್ಟಿಕ್ಕು.
ಹೋದ ಮಳೆಗಾಲ ಮುಗಿಯುವಾಗ ಒಬ್ಬಳು ಅಜ್ಜಿ,
ಯೆಶಿಹರೆಗ್ ಅಂತ, ಗೊಜ್ಜಾಮಿನ ಕಡೆಯವಳು,
ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವಳು,
ಇದೇ ಪೆಟ್ಟಿಗೆಯ ಮೇಲೆ ಕಾಲಿಟ್ಟಳು.
ಹಸಿರು ಪ್ಲಾಸ್ಟಿಕ್ ಮೆಟ್ಟು,
ಹೆಬ್ಬೆರಳ ಹತ್ತಿರ ಕಾದ ಕಬ್ಬಿಣದಲ್ಲಿ ಬೆಸೆದ ಗಾಯ.
ಮೊಮ್ಮಗಳು ನರ್ಸಾಗಿದ್ದಾಳಂತೆ,
ಹನ್ನೊಂದಕ್ಕೆ ಕರಿ ನಿಲುವಂಗಿ ಹಾಕಿಕೊಂಡು ಕಾಗದ ತಗೊಳ್ತಾಳಂತೆ.
ಅಜ್ಜಿ, ಪ್ಲಾಸ್ಟಿಕ್ಕಿಗೆ ಪಾಲಿಶ್ ಹತ್ತೋದಿಲ್ಲ, ಅಂದೆ.
ಹತ್ತಿಸು, ಅಂದಳು.

ತೊಳೆದೆ. ಬೆರಳಿನ ಸಂದಿಯ ಮಣ್ಣು ಕಡ್ಡಿಯಿಂದ ತೆಗೆದೆ.
ಒದ್ದೆಯಿದ್ದಾಗ ಹೊಳೆಯಿತು, ಆರಿದ್ದೇ ಮಂಕು.
ಮತ್ತೆ ತೊಳೆದೆ. ಮತ್ತೆ ಮಂಕು.
ನನಗೆ ಗೊತ್ತಿದ್ದದ್ದು ಅಷ್ಟೇ.
ಅವಳ ತಲೆಗೆ ಹಚ್ಚಿದ ಬೆಣ್ಣೆ
ಬಿಸಿಲಿಗೆ ಕರಗಿ ಕಿವಿಯ ಹಿಂದೆ ಇಳಿಯುತ್ತಿತ್ತು.
ಅಂಗೈಯಿಂದ ಅದನ್ನೇ ಒರೆಸಿ ತೆಗೆದು
ನನ್ನ ಬಟ್ಟೆಗೆ ಸವರಿದಳು:
ತಲೆಗೆ ಆಗೋದು ಕಾಲಿಗೆ ಆಗೋದಿಲ್ಲವಾ?

ಹತ್ತಿತು ಮುದೆಸಿರ್.
ಎಳೇ ಎಲೆಯ ಹಾಗೆ ಹೊಳೆಯಿತು,
ಆ ಬೆಸುಗೆಯ ಗಾಯವೂ.
ದುಡ್ಡು ಬೇಡ ಅಂದೆ.
ಬೈದಳು. ಅಪಶಕುನದ ಮಾತಾಡಬೇಡ, ಇವತ್ತಿನ ದಿನ ಪುಕ್ಕಟೆಯದಲ್ಲ ಅಂತ
ಸೆರಗಿನ ಗಂಟು ಬಿಚ್ಚಿ ಒಂದೊಂದೇ ಎಣಿಸಿ ಕೊಟ್ಟಳು,
ತೊಗಲಿನ ಬೂಟಿಗೆ ಎಷ್ಟೋ ಅಷ್ಟು.
ಪಿಯಾಸಾದ ಇಳಿಜಾರಿನಲ್ಲಿ
ಕೆಸರು ತಪ್ಪಿಸಿ ಕಲ್ಲಿಂದ ಕಲ್ಲಿಗೆ ಹೋದಳು.
ಹಿಂದೆಯೇ ಒಂದು ಬಡಕಲು ನಾಯಿ,
ಅವಳ ಹಿಮ್ಮಡಿ ಮೂಸುತ್ತಾ, ಚರ್ಚಿನ ತಿರುವಿನವರೆಗೆ.

ಹನ್ನೊಂದಕ್ಕೆ ತಲುಪಿದಳೋ ಏನೋ.

ನಿನ್ನ ಕಾಲಲ್ಲಿರೋದೂ ಅದೇ ಜಾತಿ ಮೆಟ್ಟಲ್ಲವಾ,
ಒಳಗೆ ಎಳೆದುಕೊಳ್ಳಬೇಡ,
ಮಧ್ಯಾಹ್ನ ಬಿಡುವಾದಾಗ ಇಲ್ಲಿಡು.
ಈಗ ಏಳು, ಕಂದು ಬಣ್ಣದ್ದೊಂದು ಬರ್ತಾ ಇದೆ,
ಒಣ ಬ್ರಶ್ಶು ಕೊಡು.
ಅದಲ್ಲವೋ, ಒಣಗಿದ್ದು.