ಇಪ್ಪತ್ತಮೂರು ಸೆಂಟು

ಬರ್ಬ್ಯಾಂಕಿನ ಈ ಕಟ್ಟಡದ ಮೂರನೇ ಮಹಡಿಯಲ್ಲಿ
ಹಳೆಯ ಚಿತ್ರ, ಹಳೆಯ ಧಾರಾವಾಹಿ ಮತ್ತೆ ಬಿತ್ತರವಾದಾಗಲೆಲ್ಲ
ನಟರಿಗೆ ಸಲ್ಲುವ ಚಿಲ್ಲರೆಯ ಲೆಕ್ಕ ಹಾಕುವುದು ನನ್ನ ಕೆಲಸ.
ಪೋರ್ಚುಗಲ್ಲಿನಲ್ಲಿ ನಡುರಾತ್ರಿ ಯಾರೋ ನಿದ್ದೆ ಬಾರದೆ
ಟೀವಿ ಹಚ್ಚಿದರೆ
ಇಲ್ಲಿ ನನ್ನ ಯಂತ್ರ ಒಂದು ಚೆಕ್ಕು ಹೆರುತ್ತದೆ.

ಗ್ಯಾರಿ ಟೆರಿಲ್. ಇಪ್ಪತ್ತಮೂರು ಸೆಂಟು.
ಲಕೋಟೆಗೆ ಹಚ್ಚುವ ಅಂಚೆಚೀಟಿಯ ಬೆಲೆ
ಅದರ ಎರಡು ಪಟ್ಟಿಗೂ ಮಿಕ್ಕಿ.

ಅವನ ಪಾತ್ರಗಳ ಪಟ್ಟಿ ನನ್ನ ತೋಳುದ್ದ:
ಎರಡನೇ ಪೊಲೀಸ್. ಹೋಟೆಲ್ ಗುಮಾಸ್ತ. ಜ್ಯೂರಿಯ ಹಿರಿಯ.
ಗ್ರೀಕ್ ಹಡಗಿನ ಯಜಮಾನ, ಮೆಕ್ಸಿಕೋದ ಡಕಾಯಿತ,
ಒಂದೇ ವರ್ಷ ಮೂವರು ಶೇಖರು,
ಪೆಂಗ್ವಿನ್ ಕಳೆದುಕೊಂಡ ಮೃಗಾಲಯದ ಅಧಿಕಾರಿ.
ಒಂದು ಕಡೆ ಬರೀ 'ಮೀಸೆಯವ'.
ಅರವತ್ತೊಂದು ಸಲ ಸತ್ತಿದ್ದಾನೆ, ನಾನೇ ಎಣಿಸಿದ್ದು,
ಅದರಲ್ಲಿ ನಲವತ್ತು, ಮೊದಲ ಜಾಹೀರಾತಿಗೂ ಮುಂಚೆ.

ಮುಖ ನೋಡಿ ಮಣೆ ಹಾಕುವ ಊರು ಇದು.
ಅವನ ಮೂಗಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಮಣೆ.
ಬಂದ ಪುಟ್ಟ, ಹೋದ ಪುಟ್ಟ:
ಒಳಗೆ ಬಂದು, 'ಶವ ಸಿಕ್ಕಿದೆ ಸರ್' ಅಂದು, ಹೊರಗೆ.
ಆ ನಾಲ್ಕೇ ಹೆಜ್ಜೆಯಲ್ಲಿ ಅವನು
ಹೊಸ ಬೂಟು ಕಚ್ಚುವ ಪೊಲೀಸನಾಗುತ್ತಿದ್ದ,
ಮನೆಯಲ್ಲಿ ಹೆಂಡತಿ ಮಾತು ಬಿಟ್ಟ ಪೊಲೀಸ.
ಯಾರೂ ಕೇಳಿರಲಿಲ್ಲ ಅಷ್ಟನ್ನು. ಸಂಬಳ ಅದೇ.

ಪ್ರತಿ ಚೆಕ್ಕಿಗೂ ಫೋನ್ ಮಾಡುತ್ತಿದ್ದ:
'ದಿವಿನಾ, ಇಪ್ಪತ್ತಮೂರು ಸೆಂಟು! ಸ್ಟುಡಿಯೋ ದಿವಾಳಿ ಎದ್ದೀತು, ಹುಷಾರು.'
ತರಕಾರಿ ಅಂಗಡಿಯಲ್ಲಿ ಹೆಂಗಸೊಬ್ಬಳು ತಡೆದು
ನೀವು ನನ್ನ ಹಲ್ಲು ಕಿತ್ತ ಡಾಕ್ಟರಲ್ಲವೇ ಅಂದಳಂತೆ.
'ಹೌದು ಅಂದೆ. ಬಾಯಿ ತೆಗೆಸಿ ನೋಡಿಯೂ ನೋಡಿದೆ.
ಚೆನ್ನಾಗೇ ಕಿತ್ತಿದ್ದೀನಿ.'

ಹೆಸರು ಗ್ಯಾರಿ ಅಲ್ಲ. ಗರಬೆದ್ ಟೆರ್ಜಿಯಾನ್.
ಟೆರ್ಜಿ ಅಂದರೆ ದರ್ಜಿ.
ಫ್ರೆಸ್ನೋದ ಒಣದ್ರಾಕ್ಷಿ ಗೋದಾಮುಗಳ ಹಿಂದಿನ ಬೀದಿಯಲ್ಲಿ
ಊರು ಕಳೆದುಕೊಂಡು ಬಂದ ಅರ್ಮೇನಿಯನ್ ದರ್ಜಿಯ ಮಗ.
ಅಪ್ಪ ಬಟ್ಟೆ ಕತ್ತರಿಸಿದ ಹಾಗೆ
ಏಜೆಂಟ್ ಹೆಸರು ಕತ್ತರಿಸಿದ; ಮಿಕ್ಕ ಚಿಂದಿ
ಯಾವ ಡಬ್ಬಿಗೆ ಹೋಯಿತೋ.
ನಲವತ್ತೆಂಟು ವರ್ಷ ಎಲ್ಲ ದೇಶದವನೂ ಆದ,
ಅರ್ಮೇನಿಯದವನೊಬ್ಬನನ್ನು ಬಿಟ್ಟು.

ಸತ್ತ ಸುದ್ದಿ ನನಗೆ ತಿಳಿದದ್ದು ಕಡತದಿಂದಲೇ:
ವಿಳಾಸದ ಜಾಗದಲ್ಲಿ 'ವಾರಸುದಾರರಿಗೆ'.
ಅರವತ್ತೆರಡನೆಯದು. ಯಾರೂ 'ಕಟ್' ಅನ್ನಲಿಲ್ಲ.

ಆ ರಾತ್ರಿ ಇಪ್ಪತ್ತಮೂರು ಸೆಂಟಿನ ಕಂತು ಹುಡುಕಿ ನೋಡಿದೆ.
ಪತ್ತೇದಾರಿ ಕಥೆ. ಹನ್ನೊಂದನೇ ನಿಮಿಷಕ್ಕೆ ಅವನು, ದರ್ಜಿಯಾಗಿ.
ನಾಯಕ ಕೈ ಚಾಚಿ ನಿಂತು ಕೊಲೆಗಾರನ ಬಗ್ಗೆ ಏನೋ ಕೇಳುತ್ತಾನೆ.
ಕ್ಯಾಮೆರಾ ನಾಯಕನ ಮೇಲೆಯೇ.
ಅಂಚಿನಲ್ಲಿ ಒಂದು ಬೋಳುತಲೆ, ಟೇಪು, ತುಟಿಯಲ್ಲಿ ಗುಂಡುಸೂಜಿ,
ಸೂಜಿಗಳ ಸಂದಿಯಿಂದ ಒಂದು ಮಾತು,
ಬರೆದುಕೊಟ್ಟದ್ದಿರಲಾರದು.
ಕಿವಿ ಕೇಳದವರಿಗೆಂದು ಕೆಳಗೆ ಅಕ್ಷರ ಓಡುತ್ತದಲ್ಲ,
ಅಲ್ಲಿ: ಅರ್ಥವಾಗದ ಗೊಣಗು.

ನಲವತ್ತನೇ ದಿನದ ಪ್ರಾರ್ಥನೆಗೆ ಫ್ರೆಸ್ನೋಗೆ ಹೋದೆ.
ತಂಗಿ ಅರಾಕ್ಸಿ, ಎಂಬತ್ತೊಂದು, ಊರುಗೋಲು.
ಧೂಪಕ್ಕೆ ಕೆಮ್ಮುತ್ತ ಹೊರಗೆ ಬಂದವಳ ಕಣ್ಣಿಗೆ
ಫೋನು ಹಿಡಿದೆ.
ಮೂರು ಸಲ ನೋಡಿದಳು.
'ನೆಟ್ಟಗೆ ನಿಲ್ಲು ಮಗಾ, ಉಸಿರು ಹಿಡೀಬೇಡ.
ಅಳತೆ ತೆಗೆಯುವಾಗ ನಮ್ಮಪ್ಪ ಅನ್ನುತ್ತಿದ್ದ ಮಾತು,
ಬ್ಯಾಂಕಿನ ಸಾಹೇಬನಿಗೂ ಮಗಾ ಅಂತಲೇ.'
ಆಮೇಲೆ, ಕನ್ನಡಕ ಒರೆಸುತ್ತ:
'ತೋಳು ಮೊದಲು ಅಳೆದಿದ್ದಾನೆ ನೋಡು, ದಡ್ಡ.
ಭುಜ ಮೊದಲು. ಎಷ್ಟು ಬೈಸಿಕೊಂಡರೂ ಕಲೀಲಿಲ್ಲ.'

ಈಗ ಚೆಕ್ಕು ಅವಳ ವಿಳಾಸಕ್ಕೆ ಹೋಗುತ್ತದೆ.
ಈ ಮೂರು ತಿಂಗಳಿಗೆ ಹತ್ತೊಂಬತ್ತು ಸೆಂಟು.
ಪೋರ್ಚುಗಲ್ಲಿನಲ್ಲಿ
ಯಾರಿಗೋ ನಿದ್ದೆ ಬಂದಿರಬೇಕು.