ಐದು ಕೆಜಿ

ಡಿಕ್ಕಿ ತೆರೆದಿದ್ದೆ. ಗಂಗುಲಪ್ಪ ಮಾವ ಬಂದು ಮುಚ್ಚಿದ.
"ಟಮೋಟೊ ಬಾಕ್ಸು ಅಂದ್ಕೊಂಡ್ಯಾ? ಗಾಳಿ ಆಡ್ಬೇಕು ಇದಕ್ಕೆ."

ಮೂವತ್ತೊಂದು ವರ್ಷ ಚಿಂತಾಮಣಿಯ ಓಣಿಗಳಲ್ಲಿ
ಸಿಲಿಂಡರ್ ಹೊತ್ತವನು.
ಬಲ ಹೆಗಲು ಈಗಲೂ ಎಡಕ್ಕಿಂತ ಎರಡು ಬೆರಳು ಕೆಳಗೆ.

ರೆಗ್ಯುಲೇಟರ್ ಬಿಚ್ಚಿದ, ಮುಚ್ಚಳ ಒತ್ತಿದ,
ಹಳೇ ಗೋಣಿಯನ್ನು ಸಿಂಬಿ ಸುತ್ತಿ
ಹಿಂದಿನ ಸೀಟಿನ ಮೇಲೆ ನೆಟ್ಟಗೆ ಕೂರಿಸಿ
ಬೆಲ್ಟು ಬಿಗಿದ.
ನನ್ನ ಮದುವೆಯ ಕಳಶವನ್ನೂ
ಯಾರೂ ಇಷ್ಟು ಜೋಪಾನವಾಗಿ ತಂದಿರಲಿಲ್ಲ.

ಜಾಗ ಸಾಲದೆ ಹಂಸವೇಣಿಯ ಗಂಡ ಬೈಕಿನಲ್ಲಿ ಬಂದ,
ಗೊಣಗುತ್ತ,
ಬೀಡಿ ಸೇದುವ ಸ್ವಾತಂತ್ರ್ಯ ಸಿಕ್ಕ ಖುಷಿಯಲ್ಲಿ.

ನಾಲ್ಕೂ ಗಾಜು ಇಳಿಸಿ ಹೊರಟೆವು.
ದಾರಿಯ ಕೆಂಧೂಳೆಲ್ಲ ನಮ್ಮ ಹಲ್ಲಿನಲ್ಲಿ.
ಪೆರೇಸಂದ್ರದಲ್ಲಿ ಟೀ ಅಂದರೆ
"ನೆರಳಿದ್ರೆ ನಿಲ್ಸು" ಅಂದ.
ನೆರಳು ಸಿಗುವಷ್ಟರಲ್ಲಿ ಊರೇ ಮುಗಿದಿತ್ತು.

ಮಂಡಿಕಲ್ ತಿರುವಿನಲ್ಲಿ ವಾಸನೆ.
ಕೊಳೆತಂಥದ್ದು.
ಹಂಸವೇಣಿ ಮಗುವನ್ನೆತ್ತಿಕೊಂಡು ಹೊಲಕ್ಕೆ ಓಡಿದಳು.
ನಾನು ಕೀ ಕಿತ್ತೆ.
ಬೈಕಿನವನಿಗೆ ದೂರದಿಂದಲೇ ಕೈಬೀಸಿದೆವು:
ಆರಿಸೋ, ಆರಿಸೋ!
ಮಾವ ಒಬ್ಬನೇ ಆತುರಪಡಲಿಲ್ಲ.
ಬೆಲ್ಟು ಬಿಡಿಸಿ, ವಾಲದಂತೆ ಎತ್ತಿ, ಬಯಲಲ್ಲಿಟ್ಟು
ಜೇಬಿನಿಂದ ಬಟ್ಟೆಸೋಪಿನ ಚೂರು ತೆಗೆದ,
ಲೋಟದಲ್ಲಿ ಕದಡಿ ವಾಲ್ವಿಗೆ ಬಳಿದ,
ಮಂಡಿಯೂರಿ ನೋಡುತ್ತ ಕೂತ.

ಒಂದು ಗುಳ್ಳೆಯೂ ಏಳಲಿಲ್ಲ.

ವಾಸನೆ ಹಂಸವೇಣಿಯ ಡಬ್ಬಿಯದು.
ನಿನ್ನೆ ಬೇಯಿಸಿಟ್ಟ ಆರು ಮೊಟ್ಟೆ.

ನಕ್ಕು ನಕ್ಕು ಸುಸ್ತಾದ ಮೇಲೆ ಕೇಳಿದೆ:
ಮೊಟ್ಟೆ ಅಂತ ನಿಂಗೆ ಗೊತ್ತಾಗ್ಲಿಲ್ವಾ, ಮಾವ?
ಪಂಚೆಗೆ ಕೈ ಒರೆಸಿಕೊಂಡ.
"ಆ ಜ್ವರದಲ್ಲಿ ಮೂಗು ಹೋಯ್ತಲ್ಲಮ್ಮ.
ಅದಕ್ಕೇ ಸೋಪು."

ರಾತ್ರಿ ಬಂಡೆಯ ಮರೆಯಲ್ಲಿ ಸ್ಟೌ ಹತ್ತಿತು.
ನೀಲಿ ಉರಿಗೆ ಬೆನ್ನನ್ನೇ ಗೋಡೆ ಮಾಡಿ ಕೂತಿದ್ದ.
ನಾನು ಶುಂಠಿ ಜಜ್ಜಿ ಹಾಕಿದೆ.
ತಿರುಗದೆಯೇ, ಮೆಲ್ಲಗೆ,
"ಹೆಂಗೈತೆ?" ಅಂದ.

ಹೇಳುತ್ತ ಹೋದೆ. ಮೊದಲು ಶುಂಠಿ.
ಆಮೇಲೆ ಏಲಕ್ಕಿ. ತಳ ಹಿಡಿದ ಹಾಲು, ಒಂಚೂರು.
ಪಕ್ಕದ ಹೊಲದಲ್ಲಿ ಯಾರೋ
ಹಸಿ ಹುರುಳಿ ಕಿತ್ತಿದ್ದಾರೆ.
ಪ್ರತಿಯೊಂದಕ್ಕೂ ತಲೆಯಾಡಿಸಿದ,
ರಸೀತಿ ತಾಳೆ ನೋಡುವವನಂತೆ.

ಬರುವಾಗ ಸಿಲಿಂಡರ್ ಹಗುರ.
ಮತ್ತೆ ಡಿಕ್ಕಿಗೆ ಕೈಹಾಕಿದೆ.
"ಖಾಲಿ ಅಂತ ಮಲಗಿಸ್ಬ್ಯಾಡ. ಒಳಗೆ ಇನ್ನೂ ಇರ್ತದೆ."

ಬೆಲ್ಟು ಕ್ಲಿಕ್ ಅನ್ನುವವರೆಗೂ
ಅವನು ಕಾರು ಹತ್ತಲಿಲ್ಲ.