ನಾನೂರ ಹನ್ನೆರಡು ಪೆಟ್ಟಿಗೆ

ಮೀನಿನ ಕಂಪನಿ ನಮ್ಮದು, ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಬೆನ್ನಿಗೆ.
ಮೂರನೇ ಮಹಡಿಯಲ್ಲಿ ಸಭೆ, ಬಿಸ್ಕತ್ತಿನ ತಟ್ಟೆ.
ಇಪ್ಪತ್ತೆರಡು ವರ್ಷದ ಲೆಕ್ಕವನ್ನು
ಇನ್ನು ಮುಂದೆ ಎಲ್ಲಿಡುವುದು?

ಮೊದಲು ಬಂದವನು ಮೋಡ ಮಾರಿದ.
ಕೇಳಿದಷ್ಟಕ್ಕೆ ಬಿಲ್ಲು, ಸುಮ್ಮನಿದ್ದರೆ ಸೊನ್ನೆ ಅಂದ.
ಎರಡನೆಯವಳು ಕಬ್ಬಿಣದ ಬೀರು ಮಾರಿದಳು:
ನಿಮ್ಮದೇ ನೆಲಮಾಳಿಗೆ, ನಿಮ್ಮದೇ ಬೀಗ.
ಮೂರನೆಯವನು ಅರ್ಧ ಇಲ್ಲಿ, ಅರ್ಧ ಅಲ್ಲಿ,
ಗಂಟು ಹಾಕುವುದು ನಮಗಿರಲಿ ಅಂದ.
ಬಿಚ್ಚುವವರು ಯಾರು ಎಂದು ಕೇಳಬೇಕಿತ್ತು,
ಬಾಯಲ್ಲಿ ಬಿಸ್ಕತ್ತಿತ್ತು.

ಅಂಕದ ಹಾಳೆ ನಾನೇ ಗೀಟೆಳೆದು ಮಾಡಿದ್ದು.
ವೇಗಕ್ಕೆ ಮೂವತ್ತು, ಬೆಲೆಗೆ ಇಪ್ಪತ್ತೈದು,
ಕಲಿಯುವ ಸುಲಭಕ್ಕೆ ಹತ್ತು.

ಲೆಕ್ಕಪತ್ರದ ಗ್ಲೆನಿಸ್ ಆಸ್ಗರ್ಬಿ, ನಿವೃತ್ತಿಗೆ ಏಳು ತಿಂಗಳು,
ಕನ್ನಡಕ ಹಣೆಗೇರಿಸಿ ಕೇಳಿದಳು:
"ಒಳಗೆ ಹಾಕುವುದು ಬಿಟ್ಟಿ ಅಂದಿರಿ. ಹೊರಗೆ ತೆಗೆಯುವುದಕ್ಕೆ?"
ಮೋಡದವನು ನೀರಿನ ಲೋಟ ಎತ್ತಿಕೊಂಡ.

ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿಡುತ್ತಿದ್ದರು.
ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ.
ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುವುದು,
ಆರಿತೋ, ಒಳಗೆ ಉಸಿರಿಲ್ಲ,
ನಾಳೆ ಬಾ.

ನಾನೂ ಒಂದು ಪ್ರಶ್ನೆ ಕಟ್ಟಿ ಇಳಿಬಿಟ್ಟೆ:
ಹಿಮ ಬಿದ್ದು ರಸ್ತೆ ಮುಚ್ಚಿದ ಆ ಡಿಸೆಂಬರಿನ ವಾರ
ಎಷ್ಟು ಪೆಟ್ಟಿಗೆ ಹ್ಯಾಡಕ್ ಕೆಟ್ಟಿತು?
ಮೋಡಕ್ಕೆ ನಾಲ್ಕು ಸೆಕೆಂಡು.
ಬೀರುವಿಗೆ ಹನ್ನೊಂದು ನಿಮಿಷ, ಅಷ್ಟರಲ್ಲಿ ಚಹಾ ಬಂತು.
ಗಂಟಿನವನು ಈಮೇಲ್ ಮಾಡುತ್ತೇನೆ ಅಂದ.
ಎರಡೂ ಹೇಳಿದ್ದು ಒಂದೇ: ನಾನೂರ ಹನ್ನೆರಡು.

"ಹದಿನಾಲ್ಕು," ಅಂದಳು ಗ್ಲೆನಿಸ್.
"ಎರಡನ್ನು ಕಟ್ಟೆಯ ಕಡಲಹಕ್ಕಿಗಳಿಗೆ ನಾನೇ ಸುರಿದೆ.
ಅವಕ್ಕೂ ಹಿಮವೇ ಅಲ್ಲವೆ.
ಬರೆಯಲಿಲ್ಲ."

ಗೆದ್ದದ್ದು ಮೋಡ.
ವೇಗಕ್ಕಲ್ಲ. ನೆಲಮಾಳಿಗೆಗೆ ಹಂಬರಿನ ನೀರು ನುಗ್ಗೀತೆಂದು
ವಿಮೆಯವರು ಕಾಗದ ಬರೆದಿದ್ದರು.
ನನ್ನ ಅಂಕದ ಹಾಳೆಯ ಮೇಲೆ ಯಾರೋ ಕಪ್ಪು ಇಟ್ಟಿದ್ದರು,
ಮೂವತ್ತರ ಸುತ್ತ ಒಂದು ಚಹಾದ ಬಳೆ.

ಸಹಿ ನನ್ನದು.

ಹಳೆಯ ಯಂತ್ರ ಕೆಳಗೆ ಇನ್ನೂ ಓಡುತ್ತಿದೆ.
ನಿಲ್ಲಿಸು ಅಂತ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.
ಬೆಳಗಿನ ಜಾವ ನಾಲ್ಕಕ್ಕೆ ಒಂದು ವರದಿ ಕಳಿಸುತ್ತದೆ,
ತೂಕ, ಮಂಜುಗಡ್ಡೆ, ಹಾಳಾದದ್ದು.
ಗ್ಲೆನಿಸ್ ಹೋದಮೇಲೆ ಆ ವಿಳಾಸ ಅಳಿಸಿ
ನನ್ನದು ಹಾಕಿಕೊಂಡಿದ್ದೇನೆ.

ಹೊಸ ಉಗ್ರಾಣಕ್ಕೆ ಎಲ್ಲ ಸಾಗಿಸಿಯಾಯಿತು, ತಾಳೆಯೂ ಆಯಿತು.
ಆ ಎರಡು ಪೆಟ್ಟಿಗೆಯನ್ನು
ಯಾವ ಕಾಲಮ್ಮಿಗೆ ಹಾಕಲಿ ಎಂಬುದಷ್ಟೇ ತಿಳಿದಿಲ್ಲ.